ದೇವರಾಯನ ಹಣದ ಚೀಲ, ಅಜ್ಜನ ಲೋಟ, ನನ್ನ ಫ್ರೆಂಚ್ ಊಟ

ಕಳೆದ ತಿಂಗಳು ನಮ್ಮ ಪ್ರಾಜೆಕ್ಟಿನ ರಿಲೀಸ್ ಮುಗೀತು. ಮೂರು ತಿಂಗಳು ನಿದ್ದೆಗೆಟ್ಟವರಿಗೆ ಏನಾದ್ರೂ ಮಾಡಬೇಕು ಅಂತ ಮ್ಯಾನೇಜರಿಗೆ ಅನ್ನಿಸಿರಬೇಕು, ಇಡೀ ಟೀಮನ್ನ ಬೆಂಗಳೂರಿನ ಒಂದು ಫ್ರೆಂಚ್ ಬ್ರಾಸರಿಗೆ ಊಟಕ್ಕೆ ಕರ್ಕೊಂಡು ಹೋದರು. ಹೆಸರು ಬೇಡ ಬಿಡಿ. ಗೋಡೆ ತುಂಬ ದೊಡ್ಡ ದೊಡ್ಡ ಕನ್ನಡಿ, ಹಿತ್ತಾಳೆ ದೀಪ, ಬಿಳಿ ಬಟ್ಟೆ ಹಾಸಿದ ಟೇಬಲ್ಲು, ಕಪ್ಪು ಕೋಟಿನ ಸಪ್ಲೈಯರುಗಳು. ಮೆನು ನೋಡಿದ್ರೆ ನನಗೆ ಗುರುತು ಸಿಕ್ಕಿದ್ದು ಒಂದೇ ಐಟಂ, ಆನಿಯನ್ ಸೂಪ್. ಅದನ್ನೇ ತರಿಸಿದೆ. ಬಂದದ್ದು ನಮ್ಮ ಉಳ್ಳಾಗಡ್ಡಿ ಸಾರು, ಮೇಲೊಂದು ಸುಟ್ಟ ಬ್ರೆಡ್ಡು, ಅದರ ಮೇಲೆ ಕರಗಿದ ಚೀಸು. ರುಚಿಯಾಗಿತ್ತು, ಸುಳ್ಳು ಹೇಳಬಾರದು. ಬೆಲೆ ಮಾತ್ರ ನಮ್ಮೂರಲ್ಲಿ ಎರಡು ಗೋಣಿಚೀಲ ಉಳ್ಳಾಗಡ್ಡಿ ಬರೋವಷ್ಟು :-)

ಅಲ್ಲಿ ಒಳಗೂ ಕೂರಬಹುದು, ಹೊರಗೆ ಗಿಡಗಳ ನಡುವೆಯೂ ಕೂರಬಹುದು. ಹೊರಗಿನ ಟೇಬಲ್ಲಿಗೇ ಬೇಡಿಕೆ ಜಾಸ್ತಿ, ಮೊದಲೇ ಹೇಳಿಡಬೇಕಂತೆ. ನಮಗೆ ಹೊರಗೇ ಸಿಕ್ಕಿತು. ಎಲ್ಲರಿಗೂ ಅದೇ ಒಂದು ದೊಡ್ಡ ಖುಷಿ.

ರಾತ್ರಿ ತೋರಣಗಲ್ಲಿಗೆ ಫೋನ್ ಮಾಡಿ ಅಪ್ಪನಿಗೆ ಎಲ್ಲಾ ವರದಿ ಒಪ್ಪಿಸಿದೆ. ಕನ್ನಡಿ, ದೀಪ, ಸೂಪು, ಬೆಲೆ ಎಲ್ಲಾ ಕೇಳಿಸಿಕೊಂಡ. "ನಮಗ ಹೊರಗಿನ ಟೇಬಲ್ ಸಿಕ್ಕಿತ್ತಪ್ಪಾ" ಅಂದಾಗ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ ಕೇಳಿದ:

"ಹೊರಗ ಯಾಕ ಕುಂತ್ಯೋ? ಒಳಗ ಜಾಗ ಇರ್ಲಿಲ್ಲೇನು?"

ನಾನು ನಗ್ತಾ ಏನೋ ಹೇಳಿ ಫೋನ್ ಇಟ್ಟೆ. ಆದ್ರೆ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಅಪ್ಪ ಅದನ್ನ ಯಾಕೆ ಕೇಳಿದ ಅಂತ ನನಗೆ ಗೊತ್ತಿತ್ತು. ಅದಕ್ಕೇ ಈ ಬರಹ. ಇವತ್ತು ಸ್ವಲ್ಪ ಇತಿಹಾಸ ಕೊರೀತೀನಿ, ಸಹಿಸ್ಕೊಳ್ಳಿ.

ಮೊದಲು ಈ ಬ್ರಾಸರಿ ಅಂದ್ರೇನು ಅಂತ ನೋಡಿಬಿಡೋಣ. ಫ್ರೆಂಚಿನಲ್ಲಿ ಅದರ ಅರ್ಥ ಬಿಯರ್ ತಯಾರಿಸೋ ಮನೆ, ಅಷ್ಟೇ. ಜರ್ಮನಿ ಗಡಿಗೆ ಹತ್ತಿದ ಅಲ್ಸಾಸ್ ಪ್ರಾಂತ್ಯದವರು ಪ್ಯಾರಿಸ್ಸಿಗೆ ಬಂದು ಬಿಯರನ್ನೂ ಅದರ ಜೊತೆ ತಮ್ಮ ಊರಿನ ಅಡಿಗೆಯನ್ನೂ ಮಾರೋಕೆ ಶುರು ಮಾಡಿದರು. ಪ್ಯಾರಿಸ್ಸಿನ ಹೆಸರುವಾಸಿ ಬೋಫಿಂಜರ್ ಶುರುವಾಗಿದ್ದು 1864ರಲ್ಲಿ. 1870-71ರ ಯುದ್ಧದಲ್ಲಿ ಫ್ರಾನ್ಸ್ ಸೋತು ಅಲ್ಸಾಸ್ ಜರ್ಮನಿ ಪಾಲಾದಾಗ ಇನ್ನಷ್ಟು ಜನ ಊರು ಬಿಟ್ಟು ಪ್ಯಾರಿಸ್ಸಿಗೆ ಬಂದರು. ಲಿಪ್ ಅನ್ನೋ ಇನ್ನೊಂದು ಪ್ರಸಿದ್ಧ ಬ್ರಾಸರಿ 1880ರದ್ದು. ಅಂದ್ರೆ ಇವತ್ತು ನಾವು ಕೋಟು ಹಾಕ್ಕೊಂಡು ಹೋಗೋ ಜಾಗ ಮೂಲದಲ್ಲಿ ಊರು ಬಿಟ್ಟು ಬಂದವರ ಖಾನಾವಳಿ. ಮಂಗಳೂರು ಕಡೆಯವರು ಬಳ್ಳಾರಿಗೆ ಬಂದು ಉಡುಪಿ ಹೋಟೆಲ್ ಇಟ್ಟ ಹಾಗೇ.

'ರೆಸ್ಟೋರೆಂಟ್' ಅನ್ನೋ ಪದ ಇದಕ್ಕಿಂತ ನೂರು ವರ್ಷ ಹಳೇದು. ಅದು ಮೊದಲು ಜಾಗದ ಹೆಸರೇ ಅಲ್ಲ, ಒಂದು ಸಾರಿನ ಹೆಸರು. ಬಳಲಿದವರಿಗೆ ಚೇತರಿಕೆ ಕೊಡೋ ಮಾಂಸದ ಸಾರು. 1760ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಆ ಸಾರು ಮಾರೋ ಅಂಗಡಿಗಳು ಶುರುವಾದವು, ಕೊನೆಗೆ ಅಂಗಡಿಗೇ ಆ ಹೆಸರು ಅಂಟಿಕೊಂಡಿತು. ಅದಕ್ಕೂ ಮುಂಚೆ ಹೊರಗೆ ಉಣ್ಣಬೇಕು ಅಂದ್ರೆ ಛತ್ರದಂಥ ಜಾಗಗಳಲ್ಲಿ, ಅವರು ಬಡಿಸಿದ ಹೊತ್ತಿಗೆ, ಅವರು ಬಡಿಸಿದ್ದನ್ನ, ಒಂದೇ ಉದ್ದ ಮೇಜಿನಲ್ಲಿ ಎಲ್ಲರ ಜೊತೆ ಉಣ್ಣಬೇಕಿತ್ತು. ಹೊಸ ಅಂಗಡಿಯಲ್ಲಿ ನಿನಗೆ ಬೇಕಾದ ಹೊತ್ತಿಗೆ ಬಾ, ನಿನ್ನದೇ ಟೇಬಲ್ ಹಿಡಿ, ಬೆಲೆ ಬರೆದ ಪಟ್ಟಿ ನೋಡಿ ಬೇಕಾದ್ದು ಕೇಳು. ದುಡ್ಡು ಕೊಟ್ಟರಾಯ್ತು, ನೀನು ಯಾರು, ಯಾರ ಮಗ ಅಂತ ಯಾರೂ ಕೇಳಲ್ಲ.

ನಮಗೆ ಇವತ್ತು ಇದರಲ್ಲಿ ಏನು ವಿಶೇಷ ಅನ್ನಿಸುತ್ತೆ. ಆದ್ರೆ ಯೋಚನೆ ಮಾಡಿ. ಗುರುತಿಲ್ಲದವನೊಬ್ಬ ಬಂದು ಊಟ ಕೇಳ್ತಾನೆ, ಕುಲ ಕೇಳದೆ ಅವನನ್ನ ಕೂರಿಸಿ ಬಡಿಸ್ತಾರೆ. ಇದು ಸಣ್ಣ ವಿಷಯ ಅಲ್ಲ. ಸಣ್ಣ ವಿಷಯ ಅಲ್ಲ ಅಂತ ತಿಳ್ಕೋಬೇಕಾದ್ರೆ ಪ್ಯಾರಿಸ್ಸಿಗೆ ಹೋಗಬೇಕಿಲ್ಲ. ನಮ್ಮೂರಿಂದ ಸುಮಾರು 30 ಕಿ.ಮೀ. ದೂರದ ಹೊಸಪೇಟೆ, ಅಲ್ಲಿಂದ ಹಂಪಿ, ಅಷ್ಟು ಸಾಕು.

ಹಂಪಿಗೆ ಹೋದವರು ವಿರೂಪಾಕ್ಷ ದೇವಸ್ಥಾನ, ಕಲ್ಲಿನ ರಥ, ಕಮಲ ಮಹಲು ನೋಡಿ ವಾಪಸ್ ಬರ್ತಾರೆ. ಭೋಜನಶಾಲೆ ಅಂತ ಒಂದು ಜಾಗ ಇದೆ, ಅಲ್ಲಿಗೆ ಹೋಗೋರು ಕಮ್ಮಿ. ಮೇಲೆ ಚಾವಣಿ ಇಲ್ಲ, ಕೆತ್ತನೆಯ ಕಂಬ ಇಲ್ಲ. ಉದ್ದಕ್ಕೆ ಒಂದು ಕಿರುಗಾಲುವೆ, ಅದರ ಎರಡೂ ಕಡೆ ಸಾಲಾಗಿ ಜೋಡಿಸಿದ ಕಲ್ಲು. ಆ ಕಲ್ಲುಗಳಲ್ಲೇ ಊಟದ ತಟ್ಟೆ ಕೊರೆದಿದ್ದಾರೆ. ಅನ್ನಕ್ಕೆ ದೊಡ್ಡ ಕುಳಿ, ಪಲ್ಯ ಸಾರುಗಳಿಗೆ ಸುತ್ತ ಸಣ್ಣ ಸಣ್ಣ ಕುಳಿ. ನಮ್ಮ ಮೆಸ್ಸಿನ ಸ್ಟೀಲ್ ತಟ್ಟೆ ಹೇಗಿರುತ್ತೋ ಹಾಗೇ! ಕೈ ತೊಳೆಯೋಕೆ, ತಟ್ಟೆ ತೊಳೆಯೋಕೆ ಕಾಲುವೆ ನೀರು ಎದುರಿಗೇ ಹರೀತದೆ. ಇಲ್ಲಿ ಊಟ ಮಾಡ್ತಿದ್ದವರು ಸೈನಿಕರು ಅಂತ ಒಬ್ಬ ಗೈಡ್ ಹೇಳ್ತಾನೆ, ಹಬ್ಬಕ್ಕೆ ಬಂದ ಅತಿಥಿಗಳು ಅಂತ ಇನ್ನೊಬ್ಬ.

ನನಗೆ ಅಲ್ಲಿ ಯಾವಾಗಲೂ ಕುತೂಹಲ ಹುಟ್ಟಿಸೋದು ಬೇರೆ ವಿಷಯ. ನಮ್ಮಲ್ಲಿ ಎಂಜಲಿನ ಲೆಕ್ಕ ಬಹಳ ಕಟ್ಟುನಿಟ್ಟು. ಅದಕ್ಕೇ ಬಾಳೆ ಎಲೆ, ಮುತ್ತುಗದ ಎಲೆ, ಉಂಡ ಮೇಲೆ ಎತ್ತಿ ಎಸೆದುಬಿಡೋಕೆ. ಮಣ್ಣಿನ ಕುಡಿಕೆಯೂ ಹಾಗೇ. ಆದರೆ ಕಲ್ಲಿನ ತಟ್ಟೆಯನ್ನ ಎಸೆಯೋಕಾಗಲ್ಲ. ಇವತ್ತು ಒಬ್ಬ ಉಂಡದ್ದರಲ್ಲಿ ನಾಳೆ ಇನ್ನೊಬ್ಬ ಉಣ್ಣಬೇಕು. ಹಾಗಾದ್ರೆ ಅಲ್ಲಿ ಕೂತು ಉಂಡವರು ಒಬ್ಬರ ಎಂಜಲಿಗೆ ಇನ್ನೊಬ್ಬರು ಅಷ್ಟೊಂದು ಹೇಸದ ಜನ ಇರಬೇಕು, ಒಟ್ಟಿಗೆ ದುಡಿಯೋ ಜನ ಇರಬೇಕು ಅಂತ ನನ್ನ ಊಹೆ. ಊಹೆ ಅಷ್ಟೇ, ತಜ್ಞರು ಬಂದು ಕಿವಿ ಹಿಂಡಬೇಡಿ :-)

ಆದ್ರೆ ಅರಮನೆ ಒಳಗಿನ ಊಟದ ಬಗ್ಗೆ ಊಹೆ ಮಾಡಬೇಕಾಗಿಲ್ಲ, ಕಣ್ಣಾರೆ ಕಂಡವರು ಬರೆದಿಟ್ಟಿದ್ದಾರೆ.

1443ರಲ್ಲಿ ಹೆರಾತಿನಿಂದ ಅಬ್ದುರ್ ರಜಾಕ್ ಅನ್ನೋ ರಾಯಭಾರಿ ವಿಜಯನಗರಕ್ಕೆ ಬಂದ. ತೈಮೂರನ ಮಗ ಶಾರುಖ್ ಕಳಿಸಿದವನು. ಆಗ ಇಲ್ಲಿ ಇಮ್ಮಡಿ ದೇವರಾಯ. ರಾಯಭಾರಿಗೆ ಒಳ್ಳೇ ಮನೆ ಕೊಟ್ಟರು, ಮತ್ತೆ ದಿನಾ ಇಷ್ಟಿಷ್ಟು ಅಂತ ಕಳಿಸೋಕೆ ಶುರು ಮಾಡಿದರು. ಏನೇನು ಅಂತೀರಾ? ಎರಡು ಕುರಿ, ಎಂಟು ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಜೊತೆಗೆ ಎರಡು ವರಾಹ. ದಿನಾ! ಅಷ್ಟನ್ನ ಅವನು ಏನು ಮಾಡಿದನೋ ಪಾಪ.

ಪಟ್ಟಿಯನ್ನ ಇನ್ನೊಂದು ಸಲ ಓದಿ. ಎಲ್ಲಾ ಹಸಿ ಸಾಮಾನು. ಕುರಿ ಬಂತು, ಕುರಿ ಸಾರು ಬರಲಿಲ್ಲ. ಅಕ್ಕಿ ಬಂತು, ಅನ್ನ ಬರಲಿಲ್ಲ.

ವಾರಕ್ಕೆ ಎರಡು ಸಲ ಸಂಜೆ ಹೊತ್ತು ರಾಜ ಅವನನ್ನ ಕರೆಸಿಕೊಳ್ತಿದ್ದ. ಮಾತುಕತೆ ಆದ ಮೇಲೆ ಪ್ರತಿ ಸಲವೂ ವೀಳ್ಯದೆಲೆ, ಪಚ್ಚ ಕರ್ಪೂರ, 500 ಪಣದ ಒಂದು ಚೀಲ ಕೊಟ್ಟು ಕಳಿಸ್ತಿದ್ದರು. ಒಮ್ಮೆ ದೇವರಾಯ ಇದರ ಅರ್ಥವನ್ನ ದುಭಾಷಿಯ ಮೂಲಕ ತಾನೇ ಬಿಡಿಸಿ ಹೇಳಿದನಂತೆ. ನಿಮ್ಮ ಕಡೆ ರಾಜರು ರಾಯಭಾರಿಯನ್ನ ಕರೆದು ತಮ್ಮ ಪಂಕ್ತಿಯಲ್ಲಿ ಕೂರಿಸ್ಕೊಂಡು ಊಟ ಹಾಕ್ತಾರೆ, ನೀವೂ ನಾವೂ ಒಟ್ಟಿಗೆ ಉಣ್ಣೋ ಹಾಗಿಲ್ಲವಲ್ಲ, ಅದಕ್ಕೇ ಈ ಹಣದ ಚೀಲವೇ ನಾವು ಕೊಡೋ ಔತಣ ಅಂತ ಅದರ ಸಾರಾಂಶ.

ಇದನ್ನ ಮೊದಲ ಸಲ ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ದೇವರಾಯ ಕೆಟ್ಟ ಮನುಷ್ಯ ಅಲ್ಲ. ಅತಿಥಿಗೆ ಏನೂ ಕಮ್ಮಿ ಮಾಡಿಲ್ಲ. ಒಂದು ಊಟ ಹಾಕೋಕಾಗಲಿಲ್ಲ ಅನ್ನೋದು ಅವನಿಗೂ ಚುಚ್ಚಿರಬೇಕು, ಇಲ್ಲದಿದ್ರೆ ವಿವರಿಸೋ ಗೋಜಿಗೆ ಯಾಕೆ ಹೋಗ್ತಿದ್ದ? ಆ ಕಾಲದ ಅಷ್ಟು ದೊಡ್ಡ ಸಾಮ್ರಾಜ್ಯದ ರಾಜ. ಬೇಕು ಅಂದ್ರೆ ಯುದ್ಧ ಮಾಡಬಹುದು, ಊರು ಕಟ್ಟಬಹುದು. ಎದುರಿಗೆ ಕೂತ ಮನುಷ್ಯನ ಜೊತೆ ಒಂದು ತುತ್ತು ಉಣ್ಣೋದು ಮಾತ್ರ ಅವನ ಕೈಯಲ್ಲೂ ಇರಲಿಲ್ಲ.

ಸುಮಾರು ಎಂಬತ್ತು ವರ್ಷ ಆದ ಮೇಲೆ, 1520ರ ಹೊತ್ತಿಗೆ, ಡೊಮಿಂಗೊ ಪಾಯಸ್ ಬಂದ. ಪೋರ್ಚುಗೀಸ. ಅವನಿದ್ದ ತಂಡವನ್ನ ಕೃಷ್ಣದೇವರಾಯ ಬರಮಾಡಿಕೊಂಡಿದ್ದು ಹಂಪಿಯಲ್ಲಲ್ಲ, ಹೊಸದಾಗಿ ಕಟ್ಟಿಸಿದ ಊರಲ್ಲಿ. ಅಂದ್ರೆ ನಮ್ಮ ಹೊಸಪೇಟೆಯಲ್ಲಿ. ನಾಗಲಾದೇವಿ ನೆನಪಿಗೆ ನಾಗಲಾಪುರ ಅಂತ ಕರೆದ ಊರು ಅದೇ. ಒಳ್ಳೇ ಮನೆಗಳಲ್ಲಿ ಇಳಿಸಿದರು, ದೊಡ್ಡ ದೊಡ್ಡವರೆಲ್ಲಾ ಬಂದು ನೋಡಿ ಮಾತಾಡಿಸಿದರು. ರಾಜ ಊಟಕ್ಕೆ ಏನು ಕಳಿಸಿದ? ಬಹಳಷ್ಟು ಕುರಿ, ಕೋಳಿ, ಕೊಡಗಟ್ಟಲೆ ಬೆಣ್ಣೆ, ಜೇನು. ಮತ್ತೆ ಅದೇ ಕಥೆ! ಎಂಬತ್ತು ವರ್ಷದಲ್ಲಿ ರಾಜರು ಬದಲಾದರು, ವಂಶಗಳೇ ಬದಲಾದವು, ಅತಿಥಿಯ ಮನೆಗೆ ಬರೋದು ಮಾತ್ರ ಜೀವಂತ ಕುರಿಯೇ.

ಊಟಕ್ಕೇನೂ ಬರ ಇರಲಿಲ್ಲ ಆ ಊರಲ್ಲಿ. ಜಗತ್ತಿನಲ್ಲೇ ಇಷ್ಟು ಸಮೃದ್ಧವಾಗಿ ಸಾಮಾನು ಸಿಗೋ ಪಟ್ಟಣ ಇನ್ನೊಂದಿಲ್ಲ ಅಂತ ಪಾಯಸ್ ಬರೀತಾನೆ. ಅಕ್ಕಿ, ಗೋಧಿ, ಜೋಳ, ಹೆಸರು, ಹುರುಳಿ, ರಾಶಿ ರಾಶಿ ದ್ರಾಕ್ಷಿ, ದಾಳಿಂಬೆ. ಬೀದಿ ಬೀದಿಯಲ್ಲಿ ಮಾಂಸದ ಅಂಗಡಿ. ಅವನ ನಂತರ 1535ರ ಆಸುಪಾಸಿನಲ್ಲಿ ಬಂದ ಕುದುರೆ ವ್ಯಾಪಾರಿ ನೂನಿಜ್ ಇನ್ನೂ ಒಂದು ಹೆಜ್ಜೆ ಮುಂದೆ. ಹಂದಿ, ಜಿಂಕೆ, ಮೊಲ, ಪಾರಿವಾಳ, ಗುಬ್ಬಿ ಅಷ್ಟೇ ಅಲ್ಲ, ಇಲಿ, ಬೆಕ್ಕು, ಹಲ್ಲಿ ಜಾತಿಯವೂ ಮಾರಾಟಕ್ಕೆ ಬರ್ತಿದ್ದವು, ದನದ ಮಾಂಸ ಒಂದನ್ನ ಬಿಟ್ಟು ರಾಜರು ಎಲ್ಲಾ ತಿಂತಿದ್ದರು ಅಂತ ಬರೆದಿದ್ದಾನೆ. ಇವತ್ತು ವಿಜಯನಗರದ ಹೆಸರು ಹೇಳಿ ಸಸ್ಯಾಹಾರದ ಭಾಷಣ ಮಾಡೋರಿಗೆ ಈ ಪುಟ ತೋರಿಸಬೇಕು. ಇವರಿಬ್ಬರ ಬರಹವನ್ನೂ ಇಂಗ್ಲಿಷಿಗೆ ತಂದದ್ದು ರಾಬರ್ಟ್ ಸಿವೆಲ್, 1900ರಲ್ಲಿ ಬಂದ ತನ್ನ ಪುಸ್ತಕದಲ್ಲಿ. ಆಸಕ್ತಿ ಇದ್ದವರು ಹುಡುಕಿ ಓದಿ.

ಹಾಗೆ ನೋಡಿದ್ರೆ ಆ ಮಾರುಕಟ್ಟೆಯಲ್ಲಿ ಎಲ್ಲಾ ಇತ್ತು, ನಮ್ಮ ಮಿರ್ಚಿ ಒಂದು ಬಿಟ್ಟು. ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಆಲೂಗಡ್ಡೆ, ಟೊಮ್ಯಾಟೊ ಕೂಡ ಆಚೆಯಿಂದ ಬಂದವೇ. ದೇವರಾಯನ ಅರಮನೆಯಲ್ಲಿ ಖಾರ ಅಂದ್ರೆ ಕಾಳುಮೆಣಸು. ಒಗ್ಗರಣೆ-ಮಿರ್ಚಿ ಇಲ್ಲದ ಹೊಸಪೇಟೆಯನ್ನ ನನಗಂತೂ ಕಲ್ಪಿಸಿಕೊಳ್ಳೋಕೂ ಆಗಲ್ಲ.

ನೂನಿಜ್ ರಾಜನ ಊಟದ ವಿವರವನ್ನೂ ಕೊಡ್ತಾನೆ. ರಾಜ ಊಟಕ್ಕೆ ಕೂರೋ ಹೊತ್ತಿಗೆ ಗಂಡಸರೆಲ್ಲಾ ಆಚೆ ಹೋಗಬೇಕು. ಹೆಣ್ಣುಮಕ್ಕಳು ಬಂದು ಮೂರು ಕಾಲಿನ ಚಿನ್ನದ ಪೀಠ ಇಡ್ತಾರೆ, ಅದರ ಮೇಲೆ ಚಿನ್ನದ ಪಾತ್ರೆಗಳು, ಕೆಲವಕ್ಕೆ ರತ್ನ ಹಚ್ಚಿರ್ತಾರೆ. ರಾಜನಿಗೆ ಅಂತಲೇ ಹತ್ತು ಜನ ಅಡಿಗೆಯವರು, ಅವರು ಇನ್ಯಾರಿಗೂ ಅಡಿಗೆ ಮಾಡೋ ಹಾಗಿಲ್ಲ. ವಿಷದ ಭಯಕ್ಕೆ ಅಡಿಗೆಮನೆ ಬಾಗಿಲಲ್ಲಿ ಕಾವಲು. ಓದ್ತಾ ಓದ್ತಾ ನನಗೆ ಅನ್ನಿಸಿದ್ದು, ಹಜಾರ ತುಂಬ ಜನ ಇರೋ ಅರಮನೆಯಲ್ಲಿ ಈ ಮನುಷ್ಯನ ಸರೀಕನಾಗಿ ಎದುರು ಕೂತು ಉಣ್ಣೋರು ಒಬ್ಬರೂ ಇಲ್ಲವಲ್ಲ ಅಂತ.

ಊಟದಲ್ಲಿ ಮೇಲು-ಕೀಳು ಇದೆ ಅನ್ನೋದು ಆ ಕಾಲದವರಿಗೇ ಗೊತ್ತಿತ್ತು, ಕೆಲವರಿಗೆ ಅದು ಸರಿ ಕಾಣಿಸಿರಲೂ ಇಲ್ಲ. ಅದೇ 16ನೇ ಶತಮಾನದ ನಮ್ಮ ಕನಕದಾಸರು 'ರಾಮಧಾನ್ಯ ಚರಿತೆ' ಬರೆದರು. ಕಥೆ ಎಲ್ಲರಿಗೂ ಗೊತ್ತಿರೋದೇ. ನೆಲ್ಲಿಗೂ ರಾಗಿಗೂ ಯಾರು ದೊಡ್ಡವರು ಅಂತ ಜಗಳ, ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡ್ತಾನೆ, ಬಾಳಿ ಬರೋದು ರಾಗಿ. ಸ್ಕೂಲಲ್ಲಿ ಓದಿದಾಗ ಕಾಳುಗಳ ಕಥೆ ಅಂದ್ಕೊಂಡಿದ್ದೆ. ಅದು ಕಾಳುಗಳ ಕಥೆ ಅಲ್ಲ ಅಂತ ಅರ್ಥ ಆಗೋಕೆ ಬಹಳ ವರ್ಷ ಬೇಕಾಯ್ತು.

ಹಾಗಾದ್ರೆ ಜನಸಾಮಾನ್ಯ ಬೇರೆಯವರು ಮಾಡಿದ ಅಡಿಗೆ ಉಣ್ಣೋ ದಾರಿಯೇ ಇರಲಿಲ್ವಾ? ಇತ್ತು, ದೇವಸ್ಥಾನದ ಪ್ರಸಾದ. ವಿಜಯನಗರ ಕಾಲದ ತಿರುಪತಿ ಶಾಸನಗಳನ್ನ ನೋಡಿದ್ರೆ ಪ್ರಸಾದದ್ದೇ ಒಂದು ದೊಡ್ಡ ವ್ಯವಹಾರ. ನೈವೇದ್ಯಕ್ಕೆ ದತ್ತಿ ಕೊಟ್ಟವನಿಗೆ ಪ್ರಸಾದದಲ್ಲಿ ಕಾಲು ಪಾಲು. ಆ ಪಾಲನ್ನ ಅವನು ಇನ್ನೊಬ್ಬರಿಗೆ ಬರೆದುಕೊಡಬಹುದು, ಮಾರಬಹುದು. ದೇವರ ಕೈ ಮುಟ್ಟಿ ಬಂದ ಅನ್ನಕ್ಕೆ ಅಡಿಗೆಯವನ ಕುಲದ ಪ್ರಶ್ನೆ ಬರಲ್ಲ. ಆದರೆ ಆ ಅನ್ನ ಸಿಗಬೇಕಾದ್ರೆ ಮೊದಲು ದೇವಸ್ಥಾನದ ಒಳಗೆ ಬರಬೇಕಲ್ಲ? ನಮ್ಮಂಥವರಿಗೆ ಆ ಬಾಗಿಲು ತೆರೆಯೋಕೆ ಇನ್ನೂ ನಾಲ್ಕು ನೂರು ವರ್ಷ ಇತ್ತು. ನಮ್ಮ ಸಂಡೂರಿನ ಘೋರ್ಪಡೆ ಸಂಸ್ಥಾನ 1930ರ ದಶಕದಲ್ಲೇ ದಲಿತರಿಗೆ ದೇವಸ್ಥಾನ ತೆರೆದದ್ದು ಇಡೀ ದೇಶದಲ್ಲಿ ಸುದ್ದಿಯಾಗಿತ್ತು ಅಂದ್ರೆ ಉಳಿದ ಕಡೆ ಹೇಗಿತ್ತು ಅಂತ ನೀವೇ ಲೆಕ್ಕ ಹಾಕಿ.

1565ರಲ್ಲಿ ರಕ್ಕಸತಂಗಡಿ ಯುದ್ಧ ಆಯ್ತು, ಹಂಪಿ ಹಾಳಾಯ್ತು. ಆಮೇಲಿನ ಮುನ್ನೂರು ಚಿಲ್ಲರೆ ವರ್ಷ ಹಾರಿಬಿಡ್ತೀನಿ. ಬ್ರಿಟಿಷರ ಕಾಲದಲ್ಲಿ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ರೈಲು ಬಂತು, ಕೋರ್ಟು ಕಚೇರಿ ಬಂದವು. ಮನೆ ಬಿಟ್ಟು ದಿನಗಟ್ಟಲೆ ಹೊರಗಿರೋ ಜನ ಬಂದರು, ಅವರ ಹಿಂದೆ ಕಾಫಿ ಹೋಟೆಲ್ ಬಂತು. ಹೋಟೆಲ್ ಅಂದ ಕೂಡ್ಲೇ ಎಲ್ಲರೂ ಒಟ್ಟಿಗೆ ಕೂತರು ಅಂದ್ಕೋಬೇಡಿ. ಮದ್ರಾಸ್ ಪ್ರಾಂತ್ಯದ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಜಾಗ ಇರ್ತಿತ್ತು, ಕೆಲವಕ್ಕೆ ಹೆಸರಲ್ಲೇ ಜಾತಿ. ಬೆಂಗಳೂರಿನ ಎಂ.ಟಿ.ಆರ್. ಕೂಡ 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಣರ ಕಾಫಿ ಕ್ಲಬ್. ಹೋಟೆಲಿನ ಬೋರ್ಡಿನಲ್ಲಿ ಜಾತಿ ಹೆಸರು ಯಾಕೆ ಅಂತ ಪೆರಿಯಾರ್ ಕಡೆಯವರು ಮದ್ರಾಸಿನ ಒಂದು ಹೋಟೆಲ್ ಮುಂದೆ ಸತ್ಯಾಗ್ರಹ ಮಾಡಿದ್ದು 1957ರಲ್ಲಿ. ಸ್ವಾತಂತ್ರ್ಯ ಬಂದು ಹತ್ತು ವರ್ಷ ಆದ ಮೇಲೆ!

ಅಂದ್ರೆ ಪ್ಯಾರಿಸ್ಸಿನ ಆ ಜಾಗ ನಮ್ಮಲ್ಲಿಗೆ ಬಂತು. ಟೇಬಲ್, ಕುರ್ಚಿ, ಬೆಲೆಪಟ್ಟಿ ಎಲ್ಲಾ ಬಂತು. ನೀನು ಯಾರು ಅಂತ ಕೇಳಬಾರದು ಅನ್ನೋ ಒಂದು ನಿಯಮ ಮಾತ್ರ ದಾರಿಯಲ್ಲೆಲ್ಲೋ ಬಿದ್ದುಹೋಯ್ತು.

ಈಗ ನಮ್ಮ ಅಜ್ಜನ ವಿಷಯಕ್ಕೆ ಬರ್ತೀನಿ.

ತುಂಗಭದ್ರಾ ಡ್ಯಾಮಿಗೆ ಅಡಿಗಲ್ಲು ಬಿದ್ದದ್ದು 1945ರಲ್ಲಿ, ನದಿಯ ಆ ಕಡೆ ಹೈದರಾಬಾದಿನವರು, ಈ ಕಡೆ ಮದ್ರಾಸಿನವರು. ನೀರು ನಿಂತದ್ದು 1953ರಲ್ಲಿ. ಅದು ಕಲ್ಲಿನ ಡ್ಯಾಮು, ಸಿಮೆಂಟಿನ ಬದಲು ಸುರ್ಕಿ-ಸುಣ್ಣದ ಗಾರೆ ಹಾಕಿ ಕಟ್ಟಿದ್ದು. ಸುತ್ತಮುತ್ತಲ ಹಳ್ಳಿಗಳಿಂದ ಸಾವಿರಾರು ಜನ ಕೂಲಿಗೆ ಹೋದರು. ನಮ್ಮಜ್ಜ ಹೋದಾಗ ಅವನಿಗೆ ಹದಿನಾಲ್ಕೋ ಹದಿನೈದೋ. ಗಾರೆ ಬುಟ್ಟಿ ಹೊರೋ ಕೆಲಸ. ನಮ್ಮ ಮನೆ ಊರಾಚೆಯ ಕೇರಿಯಲ್ಲಿತ್ತು ಅಂದ್ರೆ ಉಳಿದದ್ದು ನಿಮಗೆ ಅರ್ಥ ಆಗುತ್ತೆ.

ಬಟವಾಡೆ ಆದ ದಿನ ಅಜ್ಜ ಹೊಸಪೇಟೆಯ ಒಂದು ಹೋಟೆಲಿಗೆ ಚಹಾ ಕುಡಿಯೋಕೆ ಹೋಗ್ತಿದ್ದನಂತೆ. ಒಳಗಲ್ಲ. ಹೊರಗೆ ಗೋಡೆಯಲ್ಲಿ ಒಂದು ಗೂಡು, ಅದರಲ್ಲಿ ನಾಲ್ಕು ಲೋಟ. ಅದರಲ್ಲೊಂದು ತಗೊಂಡು ತಾನೇ ತೊಳ್ಕೋಬೇಕು. ಹೋಟೆಲಿನ ಹುಡುಗ ಮೇಲಿಂದ ಚಹಾ ಸುರೀತಾನೆ, ಲೋಟಕ್ಕೆ ಪಾತ್ರೆ ತಾಗಬಾರದು. ಹೊರಗೇ ಕುಕ್ಕರಗಾಲಲ್ಲಿ ಕೂತು ಕುಡಿದು, ಮತ್ತೆ ತೊಳೆದು ಗೂಡಿನಲ್ಲಿಡಬೇಕು. ದುಡ್ಡನ್ನ ಕಟ್ಟೆ ಮೇಲೆ ಇಡಬೇಕು. ದುಡ್ಡಿನ ಬೆಲೆ ಮಾತ್ರ ಎಲ್ಲರಿಗೂ ಒಂದೇ, ಅಂತ ಅಜ್ಜ ನಗ್ತಾ ಹೇಳ್ತಿದ್ದ. ನಾನು ಪಿಯುಸಿಯಲ್ಲಿದ್ದಾಗ ಈ ಕಥೆಯನ್ನ ಎಷ್ಟು ಸಲ ಕೇಳಿದೀನೋ. ಕೇಳಿ ಕೇಳಿ ಬೇಜಾರಾಗಿ, "ಆಯ್ತು ಬಿಡಜ್ಜ, ಅದು ಹಳೇದು" ಅಂದದ್ದೂ ಇದೆ. ಅಜ್ಜ ಈಗಿಲ್ಲ. ಆ ಮಾತು ಅಂದಿದ್ದಕ್ಕೆ ಈಗ ನನಗೆ ನಾಚಿಕೆ ಆಗುತ್ತೆ.

ಅಬ್ದುರ್ ರಜಾಕನಿಗೆ ಸಿಕ್ಕಿದ್ದು ಹಣದ ಚೀಲ, ಅಜ್ಜನಿಗೆ ಸಿಕ್ಕಿದ್ದು ಗೂಡಿನ ಲೋಟ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋಕಾಗಲ್ಲ, ಒಬ್ಬ ರಾಯಭಾರಿ, ಇನ್ನೊಬ್ಬ ಗಾರೆ ಹೊರೋ ಹುಡುಗ. ದೇವರಾಯ ಕಾರಣ ಹೇಳಿ ಗೌರವ ಕೊಟ್ಟ, ಹೋಟೆಲಿನವನು ಹೇಳೋ ಅಗತ್ಯವನ್ನೇ ಕಾಣಲಿಲ್ಲ. ಆದರೆ ನಿಯಮ ಒಂದೇ. ಐನೂರು ವರ್ಷ ಆದ್ರೂ, ಹಂಪಿಯಿಂದ ಹೊಸಪೇಟೆಗೆ ಹನ್ನೆರಡು ಹದಿಮೂರು ಕಿಲೋಮೀಟರ್ ದಾಟಿದ್ರೂ, ಅದೇ ನಿಯಮ.

ಅಜ್ಜ ಗಾರೆ ಹೊರ್ತಿದ್ದ ದಿನಗಳಲ್ಲೇ ದೆಹಲಿಯಲ್ಲಿ ಸಂವಿಧಾನ ಬರೀತಿದ್ರು. 1950ರ ಜನವರಿ 26ಕ್ಕೆ ಅದು ಜಾರಿಗೆ ಬಂತು. ಅದರ 15ನೇ ವಿಧಿಯ ಎರಡನೇ ಭಾಗ ಯಾವತ್ತಾದ್ರೂ ಓದಿದೀರಾ? ನಾನು ಇಂಜಿನಿಯರಿಂಗಿನಲ್ಲಿ ಸಂವಿಧಾನದ ಪೇಪರ್ ಇತ್ತು ಅಂತ ಓದಿ, ಮಾರ್ಕ್ಸ್ ತಗೊಂಡು, ಮರೆತುಬಿಟ್ಟಿದ್ದೆ. ಅಪ್ಪನ ಫೋನ್ ಆದ ರಾತ್ರಿ ಮತ್ತೆ ತೆಗೆದು ನೋಡಿದೆ. ಧರ್ಮ, ಜಾತಿ, ಲಿಂಗ, ಹುಟ್ಟಿದ ಜಾಗದ ಕಾರಣಕ್ಕೆ ಯಾವ ಪ್ರಜೆಗೂ ಅಂಗಡಿ, ಸಾರ್ವಜನಿಕ ರೆಸ್ಟೋರೆಂಟ್, ಹೋಟೆಲ್, ಮನರಂಜನೆಯ ಜಾಗಗಳಿಗೆ ಪ್ರವೇಶ ಇಲ್ಲ ಅನ್ನೋ ಹಾಗಿಲ್ಲ ಅಂತ ಅದರಲ್ಲಿದೆ.

ರೆಸ್ಟೋರೆಂಟ್! ಪ್ಯಾರಿಸ್ಸಿನ ಸಾರಿನಂಗಡಿಯ ಅದೇ ಪದ, ಇಂಗ್ಲಿಷಿನ ಮೂಲಕ ಬಂದು ನಮ್ಮ ಮೂಲಭೂತ ಹಕ್ಕುಗಳಲ್ಲಿ ಕೂತಿದೆ. ಅಂಬೇಡ್ಕರರ ಕರಡು ಸಮಿತಿಗೆ ಗೊತ್ತಿತ್ತು, ಮತದಾನದ ಹಕ್ಕು ಕೊಟ್ಟರೆ ಸಾಲದು, ಒಂದು ಲೋಟ ಚಹಾದ ಹಕ್ಕನ್ನೂ ಬರೆದಿಡಬೇಕು ಅಂತ. ಅಷ್ಟಕ್ಕೂ ಮುಗೀಲಿಲ್ಲ. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು. ಹೋಟೆಲಿಗೆ ಬಿಡದೇ ಇರೋದು ಅಷ್ಟೇ ಅಲ್ಲ, ಅಲ್ಲಿ ಎಲ್ಲರಿಗೂ ಅಂತ ಇಟ್ಟಿರೋ ಪಾತ್ರೆಗಳನ್ನ ಬಳಸೋಕೆ ಬಿಡದೇ ಇರೋದೂ ಅಪರಾಧ ಅಂತ ಅದರಲ್ಲಿ ಬರೆದರು. ಗೂಡಿನ ಲೋಟಕ್ಕೆ ಅಂತಲೇ ಬರೆದ ಹಾಗಿದೆ. ಯಾರೋ ಒಬ್ಬರಿಗೆ ಆ ಲೋಟ ಚೆನ್ನಾಗಿ ಗೊತ್ತಿರಬೇಕು.

ಕಾಯ್ದೆ ಬಂದ ತಕ್ಷಣ ಗೂಡು ಖಾಲಿ ಆಗಲಿಲ್ಲ ಅನ್ನಿ. ಬಹಳ ವರ್ಷ ಇತ್ತಂತೆ. ಅಪ್ಪ ಸಣ್ಣವನಿದ್ದಾಗ ಅಜ್ಜನ ಜೊತೆ ಹೋಗಿ ಅದೇ ಗೋಡೆ ಹತ್ತಿರ ಕೂತದ್ದು ಅವನಿಗೆ ನೆನಪಿದೆ.

ನಮ್ಮ ಮನೆಯವರು ಮೊದಲ ಸಲ ಎಲ್ಲರ ಜೊತೆ ಒಳಗೆ ಕೂತು ಉಂಡದ್ದು ಎಲ್ಲಿ ಗೊತ್ತಾ? ತೋರಣಗಲ್ಲಿನ ಸ್ಟೀಲ್ ಪ್ಲಾಂಟಿನ ಕ್ಯಾಂಟೀನಿನಲ್ಲಿ. ನಮ್ಮೂರಲ್ಲಿ ಉಕ್ಕಿನ ಕಾರ್ಖಾನೆಗೆ ಇಂದಿರಾ ಗಾಂಧಿ ಅಡಿಗಲ್ಲು ಹಾಕಿದ್ದು 1971ರಲ್ಲಿ. ಕಲ್ಲು ಹಾಗೇ ಇತ್ತು, ಕಾರ್ಖಾನೆ ಬರಲಿಲ್ಲ. 1994ರಲ್ಲಿ ಜಿಂದಾಲ್ ಕಂಪನಿ ಶುರುವಾದ ಮೇಲೆ ಊರೇ ಬದಲಾಯ್ತು. ಅಪ್ಪ ಕಂಟ್ರಾಕ್ಟರ್ ಕೈಕೆಳಗೆ ಕೆಲಸಕ್ಕೆ ಸೇರಿದ. 1948ರ ಫ್ಯಾಕ್ಟರಿ ಕಾಯ್ದೆಯ 46ನೇ ಕಲಮಿನ ಪ್ರಕಾರ 250ಕ್ಕಿಂತ ಹೆಚ್ಚು ಜನ ದುಡಿಯೋ ಕಾರ್ಖಾನೆಯಲ್ಲಿ ಕ್ಯಾಂಟೀನು ಇಡಿಸೋ ಅಧಿಕಾರ ಸರ್ಕಾರಕ್ಕಿತ್ತು. ಕೂಲಿಯವನಿಗೆ ಹೊಟ್ಟೆ ತುಂ​ಬಲಿ ಅಂತ ಮಾಡಿದ ಕಲಂ ಅದು. ಅದು ಇನ್ನೊಂದು ಕೆಲಸವನ್ನೂ ಮಾಡಿತು.

ಅಪ್ಪ ಹೇಳೋ ಪ್ರಕಾರ ಮೊದಲ ದಿನ ಅವನು ತಟ್ಟೆ ಹಿಡ್ಕೊಂಡು ಬಾಗಿಲ ಹತ್ತಿರವೇ ನಿಂತಿದ್ದನಂತೆ. ಎಲ್ಲಿ ಕೂರಬೇಕು ಅಂತ ಯಾರೂ ಹೇಳಲಿಲ್ಲ. ಹಿಂದಿನಿಂದ ಬಿಹಾರದವನೊಬ್ಬ ಹಿಂದಿಯಲ್ಲಿ ಏನೋ ಗದರಿಸಿ, ಮುಂದೆ ನಡಿ ಅಂತ ತಳ್ಳಿದ. ತಳ್ಳಿಸಿಕೊಂಡು ಹೋಗಿ ಖಾಲಿ ಇದ್ದ ಜಾಗದಲ್ಲಿ ಕೂತ. ಆ ಕಡೆ ಒಡಿಶಾದವನು, ಈ ಕಡೆ ನಮ್ಮೂರಿನ ಮೇಲಿನ ಕೇರಿಯ ಹುಡುಗ. ಆ ಹುಡುಗ ಒಂದು ಸಲ ಅಪ್ಪನ ಮುಖ ನೋಡಿದ, ಆಮೇಲೆ ತಟ್ಟೆ ನೋಡಿ ಉಣ್ಣೋಕೆ ಶುರು ಮಾಡಿದ. ಶಿಫ್ಟಿನ ಸೈರನ್ ಆಗೋಕೆ ಇನ್ನು ಇಪ್ಪತ್ತೇ ನಿಮಿಷ, ಹಸಿವೆ ಬೇರೆ. "ಅವತ್ತು ಸಾರು ನೀರಿನಂಗಿತ್ತು, ಆದ್ರ ಅಂಥಾ ಊಟ ಮತ್ತ ಮಾಡಿಲ್ಲ" ಅಂತಾನೆ ಅಪ್ಪ. ಕುಳಿ ಕುಳಿ ಇರೋ ಸ್ಟೀಲಿನ ತಟ್ಟೆ, ಎದುರು-ಬದುರು ಉದ್ದ ಸಾಲು. ಹಂಪಿಯ ಕಲ್ಲಿನ ತಟ್ಟೆಗಳನ್ನ ನೋಡಿದಾಗಲೆಲ್ಲಾ ನನಗೆ ಆ ಕ್ಯಾಂಟೀನೇ ನೆನಪಾಗೋದು.

ಇಷ್ಟೆಲ್ಲಾ ಗೊತ್ತಿದ್ದೂ ನಾನು "ಹೊರಗಿನ ಟೇಬಲ್ ಸಿಕ್ಕಿತು" ಅಂತ ಅಪ್ಪನ ಹತ್ತಿರ ಜಂಬ ಕೊಚ್ಚಿಕೊಂಡಿದ್ದೆ ನೋಡಿ.

ಬ್ರಾಸರಿಯಲ್ಲಿ ನನಗೆ ಯಾರೂ ಏನೂ ಕೇಳಲಿಲ್ಲ, ನಿಜ. ಕುರ್ಚಿ ಎಳೆದು ಕೂರಿಸಿದರು. ಆದರೆ ಆ ಬಾಗಿಲಲ್ಲಿ ಬೇರೆ ಥರದ ಪ್ರಶ್ನೆಗಳು ಇವೆ, ಯಾರೂ ಬಾಯಿಬಿಟ್ಟು ಕೇಳಲ್ಲ ಅಷ್ಟೇ. ಶೂ ಹಾಕಿದೀಯಾ, ಇಂಗ್ಲಿಷ್ ಬರುತ್ತಾ, ಕಾರ್ಡ್ ಇದೆಯಾ. ಕೈ ತೊಳೆಯೋಕೆ ಹೋದಾಗ ಅಡಿಗೆಮನೆ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಪಾತ್ರೆ ತೊಳೆಯೋ ಹುಡುಗ ಇನ್ನೊಬ್ಬನಿಗೆ ಏನೋ ಹೇಳ್ತಿದ್ದ, ನಮ್ಮ ಬಳ್ಳಾರಿ ಕಡೆಯ ಮಾತು. ಮಾತಾಡಿಸೋಣ ಅನ್ನಿಸ್ತು. ಟೀಮಿನವರು ಕರೆದರು, ಬಂದುಬಿಟ್ಟೆ. ಅದೂ ಒಂದು ಈಗ ಕೊರೀತಾ ಇದೆ.

ದೀಪಾವಳಿಗೆ ಊರಿಗೆ ಹೋದಾಗ ಅಪ್ಪನನ್ನ ಬೈಕಿನಲ್ಲಿ ಹಂಪಿಗೆ ಕರ್ಕೊಂಡು ಹೋದೆ. ಭೋಜನಶಾಲೆಯ ಹತ್ತಿರ ನಿಂತು ದೇವರಾಯನ ಕಥೆ ಹೇಳಿದೆ. ಪೂರ್ತಿ ಕೇಳಿಸ್ಕೊಂಡು, "ಪಾಪ, ಅಷ್ಟು ದೊಡ್ಡ ರಾಜ, ಒಬ್ಬನ ಉಂತಿದ್ನಲ್ಲೋ" ಅಂದ. ಸಿಟ್ಟಿನಿಂದ ಅಲ್ಲ, ನಿಜವಾಗಲೂ ಪಾಪ ಅನ್ನೋ ಹಾಗೆ. ಆಮೇಲೆ ಹೊಸಪೇಟೆಯಲ್ಲಿ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ಹೋಗಿ ಒಗ್ಗರಣೆ-ಮಿರ್ಚಿ ತಿಂದ್ವಿ. ಫ್ಯಾನಿನ ಕೆಳಗೆ, ಒಳಗೆ, ಮಧ್ಯದ ಟೇಬಲ್ಲಿನಲ್ಲಿ.

ಅಪ್ಪ ಸಂಕ್ರಾಂತಿ ಆದ ಮೇಲೆ ಬೆಂಗಳೂರಿಗೆ ಬರ್ತೀನಿ ಅಂದಿದಾನೆ. ಆ ಬ್ರಾಸರಿಗೇ ಕರ್ಕೊಂಡು ಹೋಗಬೇಕು ಅಂತ ದುಡ್ಡು ತೆಗೆದಿಟ್ಟಿದೀನಿ. ಅವ್ವ ಈಗಲೇ ಬೈತಿದಾಳೆ, ಉಳ್ಳಾಗಡ್ಡಿ ಸಾರಿಗೆ ಅಷ್ಟು ರೊಕ್ಕ ಯಾರು ಕೊಡ್ತಾರ ಅಂತ. ಒಳಗೆ ಕೂರಬೇಕಾ, ಹೊರಗೆ ಕೂರಬೇಕಾ ಅಂತ ಸಪ್ಲೈಯರ್ ಕೇಳ್ತಾನೆ. ನಾನು ಬಾಯಿ ಬಿಡಲ್ಲ, ಅಪ್ಪನೇ ಹೇಳಲಿ.

ನಿಮ್ಮ ಮನೆಯಲ್ಲೂ ಇಂಥ ಲೋಟದ ಕಥೆ ಇರಬಹುದು. ಲೋಟ ಹಿಡಿದವರ ಕಡೆಯದ್ದೋ, ಮೇಲಿಂದ ಸುರಿದವರ ಕಡೆಯದ್ದೋ. ಅಜ್ಜ-ಅಜ್ಜಿ ಇದ್ದರೆ ಒಂದು ಸಲ ಕೂತು ಕೇಳಿ, ಕೇಳಿದ್ದನ್ನ ಬರೆದಿಡಿ. ನನ್ನ ಹಾಗೆ "ಅದು ಹಳೇದು ಬಿಡಜ್ಜ" ಅನ್ನಬೇಡಿ.